ಇಂಪ್ಲಾಂಟ್ ಪಾಲಿಮರ್‌ಗಳ ಸುರಕ್ಷತಾ ಪರೀಕ್ಷೆ: ಪೊಟ್ಟಣ ಬಿಚ್ಚುವುದರಿಂದ ವರದಿ ಬರೆಯುವವರೆಗೆ

ಲ್ಯಾಬ್‌ಗೆ ಬಂದ ಪೊಟ್ಟಣದಲ್ಲಿ ಕಾಳುಕಾಳಾದ ಕಚ್ಚಾ ರೆಸಿನ್ ಇದ್ದು, ಜೊತೆಗೊಂದು ‘ಮೆಡಿಕಲ್ ಗ್ರೇಡ್’ ಸರ್ಟಿಫಿಕೇಟ್ ಇದ್ದರೆ ಕೆಲಸ ಶುರು ಮಾಡಬೇಡಿ, ವಾಪಸ್ ಕಳಿಸಿ. ರೋಗಿಯ ಮೈಯೊಳಗೆ ಕೂರುವುದು ಆ ಕಾಳಲ್ಲ. ಅದನ್ನು ಕರಗಿಸಿ, ಅಚ್ಚಿಗೆ ಅಂಟದಂತೆ ಸ್ಪ್ರೇ ಹೊಡೆದು, ಅಚ್ಚಿನಿಂದ ತೆಗೆದು, ಅಂಚು ಕೆತ್ತಿ, ಡಿಟರ್ಜೆಂಟ್‌ನಲ್ಲಿ ತೊಳೆದು, ಎಥಿಲೀನ್ ಆಕ್ಸೈಡ್ ಅನಿಲದಿಂದಲೋ ಗಾಮಾ ಕಿರಣದಿಂದಲೋ ಸ್ಟೆರಿಲೈಸ್ ಮಾಡಿ, ಪೌಚಿನಲ್ಲಿ ಮುಚ್ಚಿದ ವಸ್ತು ಒಳಗೆ ಹೋಗುತ್ತದೆ. ಇಷ್ಟೂ ಹೆಜ್ಜೆಗಳಲ್ಲಿ ಪ್ರತಿಯೊಂದೂ ಏನನ್ನಾದರೂ ಸೇರಿಸುತ್ತದೆ, ಇಲ್ಲವೇ ಪಾಲಿಮರಿನ ಸರಪಳಿಯನ್ನು ಎಲ್ಲೋ ಮುರಿಯುತ್ತದೆ. ಪರೀಕ್ಷೆಯಲ್ಲಿ ಫೇಲಾದ ಸ್ಯಾಂಪಲ್‌ನ ಜಾಡು ಹಿಡಿದು ಹೋದರೆ ಬಹಳ ಸಲ ಕೊನೆಗೆ ಸಿಗುವುದು ಪಾಲಿಮರಿನ ತಪ್ಪಲ್ಲ. ಸರಿಯಾಗಿ ತೊಳೆಯದ ತಪ್ಪು, ಅನಿಲ ಹೋಗಲು ಬಿಡದ ತಪ್ಪು, ಅಥವಾ ಸ್ಯಾಂಪಲ್ ಸಿದ್ಧಮಾಡಿದ ನಮ್ಮದೇ ತಪ್ಪು. ಅದಕ್ಕೇ ಈ ಬರಹದಲ್ಲಿ ಪ್ರಾಣಿ ಪರೀಕ್ಷೆಗಿಂತ ಸ್ಯಾಂಪಲ್ ತಯಾರಿಗೆ ಹೆಚ್ಚು ಜಾಗ.

ಕತ್ತರಿ ಹಿಡಿಯುವ ಮುಂಚೆ

ಈ ಕ್ಷೇತ್ರದ ಮೂಲ ಚೌಕಟ್ಟು ಐಎಸ್‌ಒ 10993 ಸರಣಿ, ಅಂದರೆ ವೈದ್ಯಕೀಯ ಸಾಧನಗಳ ಜೈವಿಕ ಸುರಕ್ಷತೆಗಿರುವ ಅಂತರರಾಷ್ಟ್ರೀಯ ಮಾನಕಗಳು. ಅದರ 1ನೇ ಭಾಗ ಯಾವ ಸಾಧನಕ್ಕೆ ಯಾವ ಅಪಾಯ ನೋಡಬೇಕು ಎಂದು ಹೇಳುತ್ತದೆ. ಸಂಪರ್ಕ ಯಾವುದರ ಜೊತೆ (ಮೂಳೆ-ಅಂಗಾಂಶವೋ, ರಕ್ತವೋ) ಮತ್ತು ಎಷ್ಟು ಕಾಲ ಎಂಬ ಎರಡು ಪ್ರಶ್ನೆಗಳಿಂದ ಎಲ್ಲವೂ ಶುರು. ಕಾಲಕ್ಕೆ ಮೂರು ವರ್ಗ: 24 ಗಂಟೆಯೊಳಗೆ, 24 ಗಂಟೆಯಿಂದ 30 ದಿನ, 30 ದಿನಕ್ಕೂ ಮೇಲೆ. ಇಂಪ್ಲಾಂಟ್‌ಗಳು ಸಾಮಾನ್ಯವಾಗಿ ಮೂರನೆಯದಕ್ಕೆ ಸೇರುತ್ತವೆ.

ತಯಾರಕರಿಂದ ಬರಹದಲ್ಲಿ ಪಡೆಯಬೇಕಾದದ್ದು: ರೆಸಿನ್‌ನ ಗ್ರೇಡ್, ಬಣ್ಣ ಮತ್ತು ಆಂಟಿಆಕ್ಸಿಡೆಂಟ್‌ಗಳ ಹೆಸರು, ಅಚ್ಚಿನ ಸ್ಪ್ರೇ, ಕೆತ್ತುವಾಗ ಬಳಸಿದ ಎಣ್ಣೆ, ತೊಳೆಯುವ ದ್ರಾವಣ, ಸ್ಟೆರಿಲೈಸೇಶನ್ ವಿಧಾನ ಮತ್ತು ಪ್ರಮಾಣ, ಒಬ್ಬ ರೋಗಿಗೆ ಗರಿಷ್ಠ ಎಷ್ಟು ತುಂಡು ಹಾಕಬಹುದು ಎಂಬ ಸಂಖ್ಯೆ. ಕೊನೆಯದನ್ನು ಕೇಳಲು ಮರೆಯುವವರೇ ಹೆಚ್ಚು. ಮುಂದೆ ರಸಾಯನ ಲೆಕ್ಕದಲ್ಲಿ ಅದೇ ಛೇದದಲ್ಲಿ ಬಂದು ಕೂರುತ್ತದೆ.

ಪಾಲಿಮರಿನ ಹೆಸರು ಗೊತ್ತಾದರೆ ಏನನ್ನು ಹುಡುಕಬೇಕೆಂಬುದೂ ಅರ್ಧ ಗೊತ್ತಾದಂತೆ. ಸಿಲಿಕೋನ್ ಆದರೆ ಉಂಗುರ ರಚನೆಯ ಸಣ್ಣ ಸಿಲೋಕ್ಸೇನ್‌ಗಳು (ಡಿ4, ಡಿ5, ಡಿ6) ಮತ್ತು ಪ್ಲಾಟಿನಂ ವೇಗವರ್ಧಕದ ಉಳಿಕೆ. ಮೂಳೆ ಸಿಮೆಂಟ್ ಆದರೆ ಪ್ರತಿಕ್ರಿಯಿಸದೆ ಉಳಿದ ಮೀಥೈಲ್ ಮೆಥಾಕ್ರಿಲೇಟ್. ಆರೊಮ್ಯಾಟಿಕ್ ಪಾಲಿಯುರೆಥೇನ್ ಆದರೆ ಮೆಥಿಲೀನ್‌ಡೈಅನಿಲಿನ್. ಪಾಲಿಪ್ರೊಪಿಲೀನ್ ಜಾಲರಿಯಾದರೆ ಆಂಟಿಆಕ್ಸಿಡೆಂಟ್ ಒಡೆದು ಹುಟ್ಟುವ ಡೈ-ಟರ್ಟ್-ಬ್ಯುಟೈಲ್‌ಫೀನಾಲ್.

ಎಷ್ಟು ವಸ್ತುವಿಗೆ ಎಷ್ಟು ದ್ರವ

ಹೆಚ್ಚಿನ ಪರೀಕ್ಷೆಗಳು ವಸ್ತುವಿನ ಮೇಲಲ್ಲ, ಅದನ್ನು ನೆನೆಸಿಟ್ಟ ದ್ರವದ ಮೇಲೆ ನಡೆಯುತ್ತವೆ. ಆ ದ್ರವವನ್ನು ಇಲ್ಲಿ ಸಾರ ಎನ್ನೋಣ. ಸಾರ ತೆಳುವಾದರೆ ವಿಷಕಾರಿ ವಸ್ತುವೂ ಪಾಸಾಗುತ್ತದೆ. ಹಾಗಾಗಿ 10993ರ 12ನೇ ಭಾಗ ಅನುಪಾತವನ್ನು ಕಟ್ಟಿಹಾಕಿದೆ:

- ದಪ್ಪ 0.5 ಮಿ.ಮೀ.ಗಿಂತ ಕಡಿಮೆ: ಪ್ರತಿ ಮಿ.ಲೀ.ಗೆ 6 ಚ.ಸೆಂ.ಮೀ.
- 0.5 ಮಿ.ಮೀ. ಮತ್ತು ಅದಕ್ಕಿಂತ ದಪ್ಪದ ಅಚ್ಚಿನ ತುಂಡು: ಪ್ರತಿ ಮಿ.ಲೀ.ಗೆ 3 ಚ.ಸೆಂ.ಮೀ.
- 1 ಮಿ.ಮೀ.ಗಿಂತ ದಪ್ಪದ ರಬ್ಬರಿನಂಥ ವಸ್ತು: ಪ್ರತಿ ಮಿ.ಲೀ.ಗೆ 1.25 ಚ.ಸೆಂ.ಮೀ.
- ಮೈ ಅಳೆಯಲಾಗದ ಅಂಕುಡೊಂಕು ತುಂಡು: ಪ್ರತಿ ಮಿ.ಲೀ.ಗೆ 0.2 ಗ್ರಾಂ, ರಂಧ್ರಗಳಿರುವ ಹಗುರ ವಸ್ತುವಿಗೆ 0.1 ಗ್ರಾಂ

ಒಂದು ಲೆಕ್ಕ ಮಾಡಿ ನೋಡೋಣ. 20 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪದ, ಪೀಕ್ (ಪಾಲಿಈಥರ್‌ಈಥರ್‌ಕೀಟೋನ್) ಎಂಬ ಗಟ್ಟಿ ಪಾಲಿಮರಿನ ಬಿಲ್ಲೆ. ಎರಡು ಮುಖ ಸೇರಿ 6.28 ಚ.ಸೆಂ.ಮೀ., ಅಂಚಿನ ಪಟ್ಟಿ 1.26, ಒಟ್ಟು 7.54. ಮೂರರಿಂದ ಭಾಗಿಸಿದರೆ ಬಿಲ್ಲೆಯೊಂದಕ್ಕೆ 2.5 ಮಿ.ಲೀ. ದ್ರವ, ನಾಲ್ಕು ಬಿಲ್ಲೆಗೆ 10 ಮಿ.ಲೀ. ಅಂಚನ್ನು ಬಿಟ್ಟು ಲೆಕ್ಕ ಹಾಕುವ ಅಭ್ಯಾಸ ಕೆಲವರಿಗಿದೆ. ಈ ಬಿಲ್ಲೆಯಲ್ಲಿ ಅಂಚೇ ಒಟ್ಟು ಮೈಯ ಆರನೇ ಒಂದು ಪಾಲು. ಅದೇ ಬಿಲ್ಲೆ ಸಿಲಿಕೋನ್‌ನದಾದರೆ 1.25ರ ಲೆಕ್ಕದಲ್ಲಿ ಒಂದಕ್ಕೇ 6 ಮಿ.ಲೀ. ಬೇಕು.

ಹೈಡ್ರೋಜೆಲ್, ಸ್ಪಂಜಿನಂಥವು ದ್ರವವನ್ನೇ ಕುಡಿದುಬಿಡುತ್ತವೆ. ಮೊದಲು ಒಂದು ತುಂಡನ್ನು ನೆನೆಸಿ, ಪ್ರತಿ ಗ್ರಾಂಗೆ ಎಷ್ಟು ಮಿ.ಲೀ. ಹೀರಿತು ಎಂದು ತೂಗಿ, ಅಷ್ಟನ್ನು ಹೆಚ್ಚುವರಿಯಾಗಿ ಸೇರಿಸಿ. ಇಲ್ಲವಾದರೆ ಕೊನೆಗೆ ಪಿಪೆಟ್‌ಗೆ ಸಿಗುವುದು ನಾಲ್ಕು ಹನಿ.

ಕತ್ತರಿಸುವ ವಿಷಯದಲ್ಲಿ ಕೈ ಬಿಗಿಹಿಡಿಯಿರಿ. ರಬ್ಬರು, ಲೇಪನವಿರುವ ತುಂಡು, ಪದರಪದರದ ವಸ್ತು ಇವನ್ನು ಆದಷ್ಟೂ ಇಡಿಯಾಗಿಯೇ ನೆನೆಸಬೇಕು. ಕತ್ತರಿಸಿದರೆ ರೋಗಿಯ ದೇಹ ಎಂದೂ ಮುಟ್ಟದ ಒಳಮೈ ತೆರೆದುಕೊಂಡು, ಇಲ್ಲದ ಸಮಸ್ಯೆ ಕಾಣಿಸುತ್ತದೆ. ಕತ್ತರಿಸಲೇಬೇಕಾದರೆ ಹೊಸ ಬ್ಲೇಡು, ಪುಡಿಯಿಲ್ಲದ ನೈಟ್ರೈಲ್ ಗ್ಲೌಸ್. ಲೇಟೆಕ್ಸ್ ಗ್ಲೌಸ್ ತೊಟ್ಟು ಮುಟ್ಟಲೇಬೇಡಿ. ಜೀವಕೋಶ ಪರೀಕ್ಷೆಯಲ್ಲಿ ಲೇಟೆಕ್ಸ್ ತಾನೇ ಕೋಶಗಳನ್ನು ಕೊಲ್ಲಬಲ್ಲದು.

ನೆನೆಸುವುದು

ಮಾನಕದಲ್ಲಿರುವ ತಾಪ-ಕಾಲದ ಜೋಡಿಗಳು: 37 °ಸೆ.ನಲ್ಲಿ 72 ಗಂಟೆ, 50 °ಸೆ.ನಲ್ಲಿ 72 ಗಂಟೆ, 70 °ಸೆ.ನಲ್ಲಿ 24 ಗಂಟೆ, 121 °ಸೆ.ನಲ್ಲಿ 1 ಗಂಟೆ. ಕೋಶ ಪರೀಕ್ಷೆಗೆ ಬಳಸುವ ಸೀರಂ ಬೆರೆತ ಮಾಧ್ಯಮಕ್ಕೆ (ಕೋಶಗಳನ್ನು ಬೆಳೆಸುವ ಪೋಷಕ ದ್ರವ) ಮಾತ್ರ 37 °ಸೆ., 24ರಿಂದ 72 ಗಂಟೆ. ಅದಕ್ಕಿಂತ ಬಿಸಿಯಾದರೆ ಸೀರಂನ ಪ್ರೋಟೀನ್ ಹಾಳಾಗುತ್ತದೆ.

ಬಿಸಿ ಹೆಚ್ಚಾದಷ್ಟೂ ಪರೀಕ್ಷೆ ಕಟ್ಟುನಿಟ್ಟು ಎಂಬುದು ಅರ್ಧಸತ್ಯ. ಪಾಲಿಮರ್ ಗಾಜಿನಂಥ ಸ್ಥಿತಿಯಿಂದ ಮೆತ್ತಗಾಗುವ ತಾಪವನ್ನು ಮೊದಲು ಡಿಎಸ್‌ಸಿ ಯಂತ್ರದಲ್ಲಿ (ಬಿಸಿಮಾಡುತ್ತ ವಸ್ತು ಹೀರುವ ಶಾಖವನ್ನು ಅಳೆಯುವಂಥದ್ದು) ನೋಡಿಕೊಳ್ಳಿ. ಪೀಕ್‌ಗೆ ಅದು 143 °ಸೆ. ಆಸುಪಾಸು, ಹಾಗಾಗಿ 70 ಡಿಗ್ರಿಯಲ್ಲಿ ನೆನೆಸಲು ಅಡ್ಡಿಯಿಲ್ಲ. ಮೈಯೊಳಗೆ ಮೆಲ್ಲಗೆ ಕರಗುವ ಪಿಎಲ್‌ಜಿಎ ಪಾಲಿಮರ್‌ಗೆ ಅದು 45ರಿಂದ 55 °ಸೆ.; 50 ಡಿಗ್ರಿಯ ನೀರಿನಲ್ಲಿಟ್ಟರೆ ಸ್ಕ್ರೂ ಸೊಟ್ಟಗಾಗಿ, ಸರಪಳಿ ಒಡೆದು, ಮೈಯೊಳಗೆ ತಿಂಗಳುಗಟ್ಟಲೆಯಲ್ಲಿ ಹೊರಬರಬೇಕಾದ ಆಮ್ಲ ಬಹಳ ಬೇಗ ಬರತೊಡಗುತ್ತದೆ. ಕರಗುವ ಪಾಲಿಮರ್‌ಗಳಿಗೆ 37 °ಸೆ. ಇಟ್ಟುಕೊಂಡು, ಯಾಕೆಂದು ಪ್ರೋಟೊಕಾಲ್‌ನಲ್ಲಿ ಬರೆಯಿರಿ.

ಪಾತ್ರೆ ಬೋರೋಸಿಲಿಕೇಟ್ ಗಾಜಿನದು, ಮುಚ್ಚಳಕ್ಕೆ ಟೆಫ್ಲಾನ್ ಒಳಪದರ, ಒಳಗೆ ಖಾಲಿ ಜಾಗ ಆದಷ್ಟು ಕಡಿಮೆ. ತುಂಡುಗಳು ಒಂದಕ್ಕೊಂದು ಅಂಟಿ ಕೂರದಂತೆ ಮೆಲ್ಲಗೆ ಅಲುಗಾಡುತ್ತಿರಬೇಕು. ಪಕ್ಕದಲ್ಲಿ ಸ್ಯಾಂಪಲ್ ಇಲ್ಲದ ಅದೇ ದ್ರವ, ಅದೇ ಬಗೆಯ ಸೀಸೆ, ಅಷ್ಟೇ ಹೊತ್ತು: ಇದು ಬ್ಲ್ಯಾಂಕ್. ಬ್ಲ್ಯಾಂಕ್ ಇಲ್ಲದ ಫಲಿತಾಂಶವನ್ನು ಯಾರೂ ಓದುವುದಿಲ್ಲ.

ಹೊರತೆಗೆದ ಮೇಲೆ ಬಣ್ಣ, ಕಲಕು, ಕಣಗಳು, ಪಿಎಚ್ ಬರೆದುಕೊಳ್ಳಿ. ಸೋಸಬೇಡಿ, ಸೆಂಟ್ರಿಫ್ಯೂಜ್ ಮಾಡಬೇಡಿ, ಪಿಎಚ್ ಸರಿಪಡಿಸಬೇಡಿ. ಕಲಕಾದ ಸಾರ ನೋಡಿದಾಗ ಸೋಸುವ ಆಸೆ ಬರುತ್ತದೆ. ಆದರೆ ಫಿಲ್ಟರ್ ಹಿಡಿದಿಟ್ಟುಕೊಳ್ಳುವುದು ನೀವು ಹುಡುಕುತ್ತಿರುವ ರಾಸಾಯನಿಕವನ್ನೇ ಇರಬಹುದು. ಸಾರವನ್ನು 24 ಗಂಟೆಯೊಳಗೆ ಬಳಸಿಬಿಡಿ.

ಜೀವಕೋಶ ಪರೀಕ್ಷೆ: 96 ಗುಂಡಿಗಳ ತಟ್ಟೆ

ಅಗ್ಗ, ವೇಗ, ಸೂಕ್ಷ್ಮ: ಮೂರೂ ಆಗಿರುವುದರಿಂದ ಇದೇ ಮೊದಲ ಪರೀಕ್ಷೆ. ಇಲ್ಲಿ ಫೇಲಾದದ್ದನ್ನು ಕಾರಣ ಹುಡುಕದೆ ಪ್ರಾಣಿಯ ಮೇಲೆ ಹಾಕಕೂಡದು. 10993ರ 5ನೇ ಭಾಗದ ಎಂಟಿಟಿ ವಿಧಾನ (ಎಂಟಿಟಿ ಎಂಬುದೊಂದು ಹಳದಿ ಬಣ್ಣ) ಹೀಗೆ:

1. ಎಲ್‌929 ಇಲಿ ಫೈಬ್ರೋಬ್ಲಾಸ್ಟ್ ಕೋಶಗಳನ್ನು ಮಿ.ಲೀ.ಗೆ 1 ಲಕ್ಷದಂತೆ ತೇಲಿಸಿ, ಗುಂಡಿಗೆ 100 ಮೈಕ್ರೋಲೀಟರ್ ಹಾಕಿ. ಅಂದರೆ ಗುಂಡಿಗೆ 10,000 ಕೋಶ. ಹೊರಸುತ್ತಿನ ಗುಂಡಿಗಳಿಗೆ ಕೋಶ ಬೇಡ, ಬರೀ ಮಾಧ್ಯಮ; ಅಲ್ಲಿ ದ್ರವ ಬೇಗ ಆರುತ್ತದೆ.
2. 37 °ಸೆ., ಶೇ 5 ಕಾರ್ಬನ್ ಡೈಆಕ್ಸೈಡ್, 24 ಗಂಟೆ. ಕೋಶಗಳು ತಳ ಹಿಡಿದು, ಆದರೆ ಪೂರ್ತಿ ಮುಚ್ಚಿಕೊಳ್ಳದೆ ಇರಬೇಕು. ಸೂಕ್ಷ್ಮದರ್ಶಕದಲ್ಲಿ ನೋಡದೆ ಮುಂದೆ ಹೋಗಬೇಡಿ.
3. ಹಳೆಯ ಮಾಧ್ಯಮ ತೆಗೆದು 100 ಮೈಕ್ರೋಲೀಟರ್ ಸಾರ ಹಾಕಿ: ಶೇ 100 ಮತ್ತು ಅದನ್ನು ತೆಳುವಾಗಿಸಿದ ಕನಿಷ್ಠ ಮೂರು ಹಂತ, ಶೇ 50 ಅದರಲ್ಲಿ ಇರಲೇಬೇಕು. ಕೋಶಗಳಿರುವ ಭಾಗದ ಎಡ ಮತ್ತು ಬಲ ತುದಿಯ ಸಾಲುಗಳಲ್ಲಿ ಬ್ಲ್ಯಾಂಕ್. ಋಣ ನಿಯಂತ್ರಣಕ್ಕೆ (ಖಂಡಿತ ಪಾಸಾಗಬೇಕಾದದ್ದು) ಎಚ್‌ಡಿಪಿಇ ಎಂಬ ಪಾಲಿಎಥಿಲೀನ್, ಧನ ನಿಯಂತ್ರಣಕ್ಕೆ (ಖಂಡಿತ ಫೇಲಾಗಬೇಕಾದದ್ದು) ಸತು ಡೈಈಥೈಲ್‌ಡೈಥಯೋಕಾರ್ಬಮೇಟ್ ಶೇ 0.1 ಬೆರೆತ ಪಾಲಿಯುರೆಥೇನ್ ಹಾಳೆಯ ಸಾರ.
4. 24 ಗಂಟೆ ಬಿಟ್ಟು ಮೊದಲು ಕಣ್ಣಿನಿಂದ ನೋಡಿ ಬರೆದುಕೊಳ್ಳಿ. ಉರುಟಾದ, ತಳ ಬಿಟ್ಟ ಕೋಶಗಳ ಚಿತ್ರ ಎಷ್ಟೋ ಸಲ ಯಂತ್ರದ ಅಂಕಿಗಿಂತ ಹೆಚ್ಚು ಹೇಳುತ್ತದೆ.
5. ಸಾರ ತೆಗೆದು, ಮಿ.ಲೀ.ಗೆ 1 ಮಿ.ಗ್ರಾಂ ಎಂಟಿಟಿ ಇರುವ ದ್ರಾವಣ 50 ಮೈಕ್ರೋಲೀಟರ್ ಹಾಕಿ, 2 ಗಂಟೆ. ಬದುಕಿರುವ ಕೋಶ ಹಳದಿ ಬಣ್ಣವನ್ನು ನೀಲಿ-ನೇರಳೆ ಹರಳಾಗಿಸುತ್ತದೆ.
6. ದ್ರಾವಣ ತೆಗೆದು 100 ಮೈಕ್ರೋಲೀಟರ್ ಐಸೋಪ್ರೊಪನಾಲ್‌ನಲ್ಲಿ ಹರಳು ಕರಗಿಸಿ, ತಟ್ಟೆ ಅಲುಗಾಡಿಸಿ, 570 ನ್ಯಾನೋಮೀಟರ್‌ನಲ್ಲಿ ಓದಿ, ಉಲ್ಲೇಖಕ್ಕೆ 650.

ಬ್ಲ್ಯಾಂಕ್‌ಗೆ ಹೋಲಿಸಿದರೆ ಶೇ 70ಕ್ಕಿಂತ ಕಡಿಮೆ ಬದುಕಿದ್ದರೆ ವಿಷಕಾರಿ ಎಂದರ್ಥ. ಆದರೆ ಆ ಅಂಕಿಗೆ ಮುನ್ನ ತಟ್ಟೆಯೇ ಪಾಸಾಗಬೇಕು. ಬ್ಲ್ಯಾಂಕ್‌ನ ಸರಾಸರಿ ಓದು 0.2ಕ್ಕಿಂತ ಕಡಿಮೆಯಿರಬಾರದು, ಎಡ ಸಾಲು, ಬಲ ಸಾಲು ಎರಡೂ ಒಟ್ಟು ಬ್ಲ್ಯಾಂಕ್ ಸರಾಸರಿಯಿಂದ ಶೇ 15ಕ್ಕಿಂತ ದೂರ ಹೋಗಬಾರದು. ಹೋದರೆ ಕೋಶ ಹಾಕುವಾಗ ಕೈ ಸಮನಾಗಿರಲಿಲ್ಲ. ಬಾಟಲಿ ಅಲುಗಾಡಿಸದೆ ಪಿಪೆಟ್ ಮಾಡಿದರೆ ಕೋಶಗಳು ತಳಕ್ಕಿಳಿದು ಮೊದಲ ಸಾಲಿಗೂ ಕೊನೆಯ ಸಾಲಿಗೂ ವ್ಯತ್ಯಾಸ ಬರುತ್ತದೆ. ಶೇ 50ರ ಸಾರದಲ್ಲಿ ಶೇ 100ರದ್ದಕ್ಕಿಂತ ಕಡಿಮೆ ಕೋಶ ಬದುಕಿದ್ದರೂ ಪರೀಕ್ಷೆ ಮತ್ತೆ ಮಾಡಬೇಕು. ವಿಷ ತೆಳುವಾದಂತೆ ಹೆಚ್ಚು ಕೊಲ್ಲುವುದಿಲ್ಲ.

ಫಲಿತಾಂಶ ಕೆಟ್ಟಾಗ ಈ ಕ್ರಮದಲ್ಲಿ ಅನುಮಾನಿಸಿ. ಸಾರದ ಪಿಎಚ್ ಏರಿದೆಯೇ? ಸಡಿಲ ಮುಚ್ಚಳದಿಂದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಮಾಧ್ಯಮ ಗಾಢ ಗುಲಾಬಿಯಾಗಿರುತ್ತದೆ. ಇಳಿದಿದೆಯೇ? ಪಿಎಲ್‌ಎ, ಪಿಎಲ್‌ಜಿಎ ಬಿಟ್ಟ ಆಮ್ಲ. ದೇಹದಲ್ಲಿ ಅದನ್ನು ರಕ್ತ ಒಯ್ಯುತ್ತದೆ, 100 ಮೈಕ್ರೋಲೀಟರ್ ಗುಂಡಿಯಲ್ಲಿ ಒಯ್ಯುವವರಿಲ್ಲ. ಸ್ಟೆರಿಲೈಸ್ ಮಾಡದ ತುಂಡು ಪಾಸಾಗಿ ಸ್ಟೆರಿಲೈಸ್ ಆದದ್ದು ಫೇಲಾದರೆ ಎಥಿಲೀನ್ ಆಕ್ಸೈಡ್ ಉಳಿಕೆ ನೋಡಿ. ತೊಳೆಯದ್ದು ಪಾಸಾಗಿ ತೊಳೆದದ್ದು ಫೇಲಾದರೆ ಡಿಟರ್ಜೆಂಟ್. ಇಂಥ ಜೋಡಿ ಸ್ಯಾಂಪಲ್‌ಗಳನ್ನು ಮೊದಲೇ ತರಿಸಿಟ್ಟುಕೊಂಡರೆ ವಾರಗಟ್ಟಲೆ ಉಳಿತಾಯ. ಇದರ ಉಲ್ಟಾ ಮೋಸವೂ ಉಂಟು: ಸಾರದಲ್ಲೇ ಅಪಕರ್ಷಕ ರಾಸಾಯನಿಕವಿದ್ದು ಗುಂಡಿಯಲ್ಲಿ ಉಳಿದರೆ, ಕೋಶ ಸತ್ತಿದ್ದರೂ ಎಂಟಿಟಿ ನೀಲಿಯಾಗುತ್ತದೆ. ಕೋಶವಿಲ್ಲದ ಗುಂಡಿಯಲ್ಲಿ ಸಾರ ಮತ್ತು ಎಂಟಿಟಿ ಬೆರೆಸಿ ನೋಡಿದರೆ ಗುಟ್ಟು ಬಯಲು.

ರಸಾಯನ: ಏನು ಹೊರಬರುತ್ತದೆ, ಎಷ್ಟು

10993ರ 18ನೇ ಭಾಗ. ದೀರ್ಘಕಾಲದ ಇಂಪ್ಲಾಂಟ್‌ಗೆ ಮೂರು ಬಗೆಯ ದ್ರಾವಕ: ನೀರು, ಐಸೋಪ್ರೊಪನಾಲ್‌ನಂಥ ಮಧ್ಯಮ ಧ್ರುವೀಯ, ಹೆಕ್ಸೇನ್‌ನಂಥ ಅಧ್ರುವೀಯ. ಒಂದು ಸಲ ನೆನೆಸಿದರೆ ಸಾಲದು. ಹೊಸ ದ್ರಾವಕ ಹಾಕುತ್ತ ಹೋಗಿ, ಆವಿಯಾಗಿಸಿ ಉಳಿದ ಗಷ್ಟನ್ನು ತೂಗಿ. ಮೊದಲ ಸುತ್ತಿನ ಶೇ 10ಕ್ಕಿಂತ ಕಡಿಮೆಯಾದಾಗ ನಿಲ್ಲಿಸಿ. ಹೆಕ್ಸೇನ್‌ನಲ್ಲಿ ಸಿಲಿಕೋನ್ ಉಬ್ಬಿ ಹರಿದೇಹೋಗಬಹುದು. ಹಾಗಾದಾಗ ಬರುವುದು ಸಾರವಲ್ಲ, ಪಾಲಿಮರಿನ ಗಂಜಿ. ಚಿಕ್ಕ ತುಂಡಿನಲ್ಲಿ ಮೊದಲು ನೋಡಿ, ದ್ರಾವಕ ಬದಲಿಸಿ, ಕಾರಣ ದಾಖಲಿಸಿ.

ಯಂತ್ರಗಳ ಹಂಚಿಕೆ: ಹಾರಿಹೋಗುವವಕ್ಕೆ ಹೆಡ್‌ಸ್ಪೇಸ್ ಜಿಸಿ-ಎಂಎಸ್, ಅರ್ಧ ಹಾರುವವಕ್ಕೆ ನೇರ ಜಿಸಿ-ಎಂಎಸ್, ಹಾರದವಕ್ಕೆ ಎಲ್‌ಸಿ-ಎಂಎಸ್, ಲೋಹಗಳಿಗೆ ಐಸಿಪಿ-ಎಂಎಸ್. ಜಿಸಿ (ಅನಿಲದಲ್ಲಿ), ಎಲ್‌ಸಿ (ದ್ರವದಲ್ಲಿ) ಬೆರಕೆಯನ್ನು ಬಿಡಿಬಿಡಿಯಾಗಿಸುತ್ತವೆ, ಎಂಎಸ್ ಅಯಾನುಗಳ ತೂಕದಿಂದ ಗುರುತು ಹಿಡಿಯುತ್ತದೆ.

ಯಂತ್ರದ ನಕ್ಷೆಯಲ್ಲಿ ರಾಸಾಯನಿಕಗಳು ಪೀಕ್, ಅಂದರೆ ಶಿಖರಗಳಾಗಿ ಏಳುತ್ತವೆ. ಯಾವ ಮಟ್ಟದಿಂದ ಮೇಲಿನ ಪೀಕ್‌ಗಳನ್ನು ಗುರುತಿಸಿ ವರದಿ ಮಾಡಬೇಕು ಎಂಬುದನ್ನು ಎಇಟಿ ಎಂಬ ಮಿತಿ ಹೇಳುತ್ತದೆ. ಸೂತ್ರ ಸರಳ: ದಿನದ ಸುರಕ್ಷಿತ ಮಿತಿಯನ್ನು ನೆನೆಸಿದ ಸಾಧನಗಳ ಸಂಖ್ಯೆಯಿಂದ ಗುಣಿಸಿ, ಸಾರದ ಪರಿಮಾಣ, ರೋಗಿಗೆ ಹಾಕುವ ಸಾಧನಗಳ ಸಂಖ್ಯೆ ಮತ್ತು ಅನಿಶ್ಚಿತತೆಯ ಅಂಶ ಮೂರರಿಂದಲೂ ಭಾಗಿಸಿ. ಜೀವಮಾನವಿಡೀ ಉಳಿಯುವ ಇಂಪ್ಲಾಂಟ್‌ಗೆ ದಿನಮಿತಿ 1.5 ಮೈಕ್ರೋಗ್ರಾಂ. ಒಂದು ಸಾಧನ, 20 ಮಿ.ಲೀ. ಸಾರ, ರೋಗಿಗೆ ಒಂದು, ಜಿಸಿಗೆ ಅಂಶ 2 ಎಂದಿಟ್ಟುಕೊಂಡರೆ ಮಿ.ಲೀ.ಗೆ 0.0375 ಮೈಕ್ರೋಗ್ರಾಂ. ರೋಗಿಗೆ ಎರಡು ಹಾಕುವುದಾದರೆ ಅದು ಅರ್ಧಕ್ಕಿಳಿಯುತ್ತದೆ. ಎಲ್‌ಸಿಯಲ್ಲಿ ಒಂದೊಂದು ರಾಸಾಯನಿಕ ಒಂದೊಂದು ಪರಿ ಸ್ಪಂದಿಸುವುದರಿಂದ ಅಂಶ 10ಕ್ಕೆ ಏರಿದರೆ 0.0075ಕ್ಕೆ ಬರುತ್ತೇವೆ; ಸಾರವನ್ನು ಆವಿಯಾಗಿಸಿ ಗಟ್ಟಿಮಾಡದೆ ಅಷ್ಟು ಕೆಳಗೆ ಕಾಣುವುದು ಕಷ್ಟ, ಗಟ್ಟಿಮಾಡಿದರೆ ಅರ್ಧ ಹಾರುವಂಥವು ಹಾರಿಹೋಗುತ್ತವೆ. ಗೊತ್ತಿರುವ ಪ್ರಮಾಣದ ಗುರುತು ರಾಸಾಯನಿಕ ಬೆರೆಸಿ, ಎಷ್ಟು ವಾಪಸ್ ಸಿಕ್ಕಿತು ಎಂದು ತೋರಿಸಬೇಕಾಗುವುದು ಇದಕ್ಕೇ. ನೈಟ್ರೋಸಮೀನ್‌ನಂಥ ತೀವ್ರ ಕ್ಯಾನ್ಸರ್‌ಕಾರಕಗಳಿಗೆ ಈ ಮಿತಿಯ ರಕ್ಷಣೆ ಇಲ್ಲ, ಅವನ್ನು ಪ್ರತ್ಯೇಕವಾಗಿ ಹುಡುಕಬೇಕು.

ಜಿಸಿ-ಎಂಎಸ್‌ನಲ್ಲಿ 207 ಮತ್ತು 281ರ ಅಯಾನುಗಳು ಎದ್ದು ಕಂಡರೆ ಸಿಲೋಕ್ಸೇನ್ ಸಿಕ್ಕಿತೆಂದು ಹಿಗ್ಗಬೇಡಿ. ಯಂತ್ರದ ಕಾಲಮ್ (ಬೆರಕೆ ಬಿಡಿಸುವ ಕೊಳವೆ) ಮತ್ತು ಸೆಪ್ಟಮ್ (ಸೂಜಿ ಚುಚ್ಚುವ ರಬ್ಬರ್ ಬಿರಡೆ) ಸವೆದಾಗಲೂ ಅವೇ ಬರುತ್ತವೆ. ಬ್ಲ್ಯಾಂಕ್‌ನಲ್ಲೂ ಅದೇ ಜಾಗದಲ್ಲಿ ಅಷ್ಟೇ ಎತ್ತರದ ಪೀಕ್ ಇದ್ದರೆ ಅದು ಯಂತ್ರದ್ದು. ಹಾಗೆಯೇ ಥಾಲೇಟ್‌ಗಳು ಪ್ಲಾಸ್ಟಿಕ್ ಸಾಮಾನಿನಿಂದ, ಎರುಕಮೈಡ್ ಪ್ಲಾಸ್ಟಿಕ್ ಚೀಲದಿಂದ ನುಸುಳುತ್ತವೆ. ಯಂತ್ರದ ಲೈಬ್ರರಿ (ರಾಸಾಯನಿಕಗಳ ಗುರುತುಗಳ ಸಂಗ್ರಹ) ತೋರಿಸಿದ ಮೊದಲ ಹೆಸರನ್ನೇ ವರದಿಗೆ ಇಳಿಸುವುದು ಈ ಕೆಲಸದ ದೊಡ್ಡ ಪಾಪ. ಶುದ್ಧ ಮಾದರಿಯ ಜೊತೆ ತಾಳೆ ನೋಡಿದ್ದಕ್ಕೆ ಮಾತ್ರ ‘ಖಚಿತ’ ಎಂದು ಬರೆಯಿರಿ. ಪಟ್ಟಿ ಸಿದ್ಧವಾದ ಮೇಲೆ ಅದು ವಿಷಶಾಸ್ತ್ರಜ್ಞರ ಮೇಜಿಗೆ. ಸಹ್ಯ ಪ್ರಮಾಣವನ್ನು ರೋಗಿಗೆ ತಲಪುವ ಪ್ರಮಾಣದಿಂದ ಭಾಗಿಸಿದಾಗ 1ಕ್ಕಿಂತ ಹೆಚ್ಚು ಬರಬೇಕು.

ಅನಿಲದ ಉಳಿಕೆ, ಎಂಡೋಟಾಕ್ಸಿನ್

ಶಾಶ್ವತ ಇಂಪ್ಲಾಂಟ್‌ನಿಂದ ಎಥಿಲೀನ್ ಆಕ್ಸೈಡ್ ಮೊದಲ 24 ಗಂಟೆಯಲ್ಲಿ 4 ಮಿ.ಗ್ರಾಂ, 30 ದಿನದಲ್ಲಿ 60 ಮಿ.ಗ್ರಾಂ, ಜೀವಮಾನದಲ್ಲಿ 2.5 ಗ್ರಾಂ ಮೀರಕೂಡದು. ಕ್ಲೋರೈಡ್ ಸಿಕ್ಕಿದಲ್ಲಿ ಹುಟ್ಟುವ ಎಥಿಲೀನ್ ಕ್ಲೋರೊಹೈಡ್ರಿನ್‌ಗೆ ಇದೇ ಕ್ರಮದಲ್ಲಿ 9 ಮಿ.ಗ್ರಾಂ, 60 ಮಿ.ಗ್ರಾಂ, 10 ಗ್ರಾಂ. ಸಿಲಿಕೋನ್‌ನಿಂದ ಅನಿಲ ಬೇಗ ಹೊರಟುಹೋಗುತ್ತದೆ, ದಪ್ಪ ಪಿಎಂಎಂಎಯಿಂದ (ಮೀಥೈಲ್ ಮೆಥಾಕ್ರಿಲೇಟ್‌ನ ಪಾಲಿಮರ್) ನಿಧಾನ. ಸ್ಯಾಂಪಲ್ ಮಾಮೂಲಿ ಕೊರಿಯರ್‌ನಲ್ಲಿ ನಾಲ್ಕು ದಿನ ತಿರುಗಿ ಬಂದರೆ ಅಳೆಯಲು ಏನೂ ಉಳಿದಿರುವುದಿಲ್ಲ. ಗಾಳಿಯಾಡದ ಪೌಚಿನಲ್ಲಿ, ಹೆಪ್ಪುಗಟ್ಟಿಸಿ ಕಳಿಸಲು ಹೇಳಿ. ಎಂಡೋಟಾಕ್ಸಿನ್‌ಗೆ (ಬ್ಯಾಕ್ಟೀರಿಯಾದಿಂದ ಉಳಿಯುವ, ಜ್ವರ ತರಿಸುವ ವಸ್ತು) ಮಿತಿ ಸಾಧನವೊಂದಕ್ಕೆ 20 ಇಯು (ಎಂಡೋಟಾಕ್ಸಿನ್ ಯೂನಿಟ್), ಮೆದುಳು-ಬೆನ್ನುಹುರಿ ದ್ರವ ಮುಟ್ಟುವುದಾದರೆ 2.15 ಇಯು.

ಕಾಲ ಕಳೆದಂತೆ

ಹೊಸ ತುಂಡು ಪಾಸಾಯಿತು ಎಂದರೆ ಹತ್ತು ವರ್ಷದ ತುಂಡೂ ಪಾಸಾದಂತಲ್ಲ. ಗಾಳಿಯಲ್ಲಿ ಗಾಮಾ ಕಿರಣ ತಗುಲಿದ ಯುಎಚ್‌ಎಂಡಬ್ಲ್ಯುಪಿಇಯಲ್ಲಿ (ಅತಿ ಉದ್ದ ಸರಪಳಿಯ ಪಾಲಿಎಥಿಲೀನ್) ಸಿಕ್ಕಿಬಿದ್ದ ಫ್ರೀ ರ‍್ಯಾಡಿಕಲ್‌ಗಳು ಮುಂದೆ ವರ್ಷಗಟ್ಟಲೆ ಆಮ್ಲಜನಕ ಹೀರುತ್ತ ಹೋಗುತ್ತವೆ. ಪರೀಕ್ಷಿಸಲು ತುಂಡನ್ನು 70 °ಸೆ., 5 ವಾತಾವರಣ ಒತ್ತಡದ ಆಮ್ಲಜನಕದಲ್ಲಿ 14 ದಿನ ಇಡಿ. ಆಮೇಲೆ ಮೈಕ್ರೋಟೋಮ್‌ನಲ್ಲಿ ಸುಮಾರು 200 ಮೈಕ್ರೋಮೀಟರ್‌ನ ತೆಳು ಪೊರೆ ಸೀಳಿ ಎಫ್‌ಟಿಐಆರ್‌ನಲ್ಲಿ (ಅವಕೆಂಪು ಕಿರಣದಿಂದ ರಾಸಾಯನಿಕ ಬಂಧ ಗುರುತಿಸುವ ಯಂತ್ರ) ನೋಡಿ. ನಕ್ಷೆಯಲ್ಲಿ ಪ್ರತಿ ಸೆಂ.ಮೀ.ಗೆ 1650ರಿಂದ 1850 ಅಲೆಗಳ ನಡುವಿನ ಕಾರ್ಬೊನಿಲ್ ವಿಸ್ತೀರ್ಣವನ್ನು 1370ರ ಸುತ್ತಲಿನ ವಿಸ್ತೀರ್ಣದಿಂದ ಭಾಗಿಸಿದರೆ ಆಕ್ಸಿಡೇಶನ್ ಸೂಚ್ಯಂಕ. ಮೇಲ್ಮೈಯಲ್ಲಿ ಮಾತ್ರ ಓದಿ ಕೈಬಿಡಬೇಡಿ. ಗಾಳಿಯಲ್ಲಿ ಕಿರಣ ತಗುಲಿ ಹಳತಾದ ತುಂಡಿನಲ್ಲಿ ಗರಿಷ್ಠ ಹಾನಿ 1–2 ಮಿ.ಮೀ. ಒಳಗಿರುತ್ತದೆ.

ಕರಗುವ ಪಾಲಿಮರ್‌ಗೆ 7.4 ಪಿಎಚ್‌ನ ಫಾಸ್ಫೇಟ್ ಬಫರ್, 37 °ಸೆ., ತುಂಡಿನ ತೂಕದ 30 ಪಟ್ಟಿಗಿಂತ ಹೆಚ್ಚು ದ್ರವ. ಪಿಎಚ್ 0.2 ಸರಿದರೆ ಬಫರ್ ಬದಲಿಸಿ, ಬದಲಿಸುವ ಮುಂಚೆ ಓದು ಬರೆದುಕೊಳ್ಳಿ. ಅಣುತೂಕ ಮೊದಲು ಬೀಳುತ್ತದೆ, ಬಲ ಆಮೇಲೆ, ತೂಕ ಎಲ್ಲಕ್ಕಿಂತ ಕೊನೆಗೆ. ತೂಕ ಮಾತ್ರ ನೋಡುವವರಿಗೆ ಸ್ಕ್ರೂ ಮುರಿಯುವ ದಿನದವರೆಗೂ ಎಲ್ಲ ಸರಿಯಾಗಿಯೇ ಕಾಣುತ್ತದೆ. ದಪ್ಪ ಪಿಎಲ್‌ಜಿಎ ತುಂಡು ಒಳಗಿನಿಂದ ಬೇಗ ಕರಗುತ್ತದೆ, ಯಾಕೆಂದರೆ ಒಳಗೆ ಸಿಕ್ಕಿಬಿದ್ದ ಆಮ್ಲವೇ ಒಡೆಯುವಿಕೆಯನ್ನು ದೂಡುತ್ತದೆ. ಹಾಗಾಗಿ ತೆಳು ಹಾಳೆಯ ಫಲಿತಾಂಶವನ್ನು ದಪ್ಪ ಸ್ಕ್ರೂಗೆ ಹೊಂದಿಸಬಾರದು.

ಕೀಲಿಗೆ ಹಾಕುವ ಪಾಲಿಮರ್ ಆದರೆ ಸವೆತದ ಕಣಗಳ ಪ್ರಶ್ನೆ ಬೇರೆಯದೇ. ಬ್ರಿಟಿಷ್ ಮೂಳೆ ಶಸ್ತ್ರವೈದ್ಯ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಲ್ಲಿ ಸೊಂಟದ ಕೀಲಿಗೆ ಟೆಫ್ಲಾನ್ ಬಟ್ಟಲು ಬಳಸಿದಾಗ ಇಡೀ ತುಂಡಾಗಿ ಅದು ಯಾವ ತಂಟೆಯೂ ಮಾಡದ ವಸ್ತುವೇ ಆಗಿತ್ತು. ಸವೆದು ಪುಡಿಯಾದಾಗ ಸುತ್ತಲಿನ ಅಂಗಾಂಶ ಕೆರಳಿತು. 1962ರ ಹೊತ್ತಿಗೆ ಅವರು ಅದನ್ನು ಬಿಟ್ಟು ಪಾಲಿಎಥಿಲೀನ್‌ಗೆ ಬದಲಾದರು. ಈಗ ಕೀಲಿನ ಚಲನೆಯನ್ನು ಅನುಕರಿಸುವ ಸಿಮ್ಯುಲೇಟರ್‌ನಲ್ಲಿ ಹಸುವಿನ ಸೀರಂನಲ್ಲಿಟ್ಟು 50 ಲಕ್ಷ ಆವರ್ತನ ಓಡಿಸುತ್ತಾರೆ. ಸೆಕೆಂಡಿಗೊಂದರಂತೆ ನಿಲ್ಲದೆ ಓಡಿದರೂ ಸುಮಾರು 58 ದಿನ. ಪಕ್ಕದಲ್ಲಿ ಸವೆಯದೆ ಬರೀ ನೆನೆಯುವ ಜೋಡಿ ತುಂಡು ಇರಲೇಬೇಕು. ಪಾಲಿಮರ್ ದ್ರವ ಹೀರಿ ತೂಕ ಏರಿಸಿಕೊಂಡು ಸವೆತವನ್ನು ಮುಚ್ಚಿಡುತ್ತದೆ.

ಪ್ರಾಣಿ ಪರೀಕ್ಷೆ

ರಸಾಯನದಿಂದಲೂ ಕೋಶ ಪರೀಕ್ಷೆಯಿಂದಲೂ ಉತ್ತರ ಸಿಗದ ಪ್ರಶ್ನೆಗೆ ಮಾತ್ರ ಇದು. 10993ರ 2ನೇ ಭಾಗ ಅದನ್ನೇ ಒತ್ತಿ ಹೇಳುತ್ತದೆ. ಚರ್ಮದೊಳಗಿನ ಉರಿತಕ್ಕೆ ಉಪ್ಪುನೀರಿನ ಸಾರ ಮತ್ತು ಎಣ್ಣೆಯ ಸಾರ ಎರಡನ್ನೂ ಮೊಲಕ್ಕೆ 0.2 ಮಿ.ಲೀ.ನಂತೆ ಐದೈದು ಕಡೆ ಚುಚ್ಚಿ 24, 48, 72 ಗಂಟೆಗೆ ಅಂಕ ಕೊಡುತ್ತಾರೆ, ಬ್ಲ್ಯಾಂಕ್‌ಗಿಂತ 1.0ರೊಳಗಿನ ವ್ಯತ್ಯಾಸ ಪಾಸು. ಅಲರ್ಜಿ, ವಂಶವಾಹಿ ಹಾನಿ, ಇಡೀ ದೇಹದ ವಿಷತ್ವ, ರಕ್ತ ಮುಟ್ಟುವುದಾದರೆ ರಕ್ತಕಣ ಒಡೆಯುವಿಕೆ: ಇವಕ್ಕೆ ತಮ್ಮತಮ್ಮ ಭಾಗಗಳಿವೆ.

ಅಂಗಾಂಶದಲ್ಲಿ ಹೂಳುವ ಪರೀಕ್ಷೆಯಲ್ಲಿ ಸ್ಯಾಂಪಲ್‌ನ ಆಕಾರವೇ ಅಂಕಿಯನ್ನು ಬದಲಿಸುತ್ತದೆ. ಮೊಲದ ಸ್ನಾಯುವಿಗೆ 1–3 ಮಿ.ಮೀ. ದಪ್ಪ, 10 ಮಿ.ಮೀ. ಉದ್ದದ ಕಡ್ಡಿ, ತುದಿಗಳು ಉರುಟಾಗಿರಬೇಕು. ಚೂಪು ತುದಿ ಸ್ನಾಯುವನ್ನು ಚುಚ್ಚುತ್ತಲೇ ಇದ್ದರೆ ಉರಿಯೂತದ ಅಂಕ ಏರುತ್ತದೆ, ಅದಕ್ಕೂ ರಸಾಯನಕ್ಕೂ ಸಂಬಂಧವಿಲ್ಲ. ಎಚ್‌ಡಿಪಿಇ ನಿಯಂತ್ರಣವೂ ಅದೇ ಆಕಾರ, ಅದೇ ಒರಟುತನದ್ದಾಗಿರಲಿ. ಉರಿಯೂತದ ಕೋಶಗಳು ಮತ್ತು ಅಂಗಾಂಶ ಸಾವಿನ ಅಂಕಗಳನ್ನು ಕೂಡಿ ಎರಡರಿಂದ ಗುಣಿಸಿ, ನಾರು, ಹೊಸ ರಕ್ತನಾಳ, ಕೊಬ್ಬಿನ ಅಂಕ ಸೇರಿಸಿ, ನಿಯಂತ್ರಣದ ಸರಾಸರಿ ಕಳೆಯುತ್ತಾರೆ. 2.9ರವರೆಗೆ ಪ್ರತಿಕ್ರಿಯೆ ಇಲ್ಲ ಅಥವಾ ಅತ್ಯಲ್ಪ, 8.9ರವರೆಗೆ ಸ್ವಲ್ಪ, 15ರವರೆಗೆ ಮಧ್ಯಮ, ಅದರಾಚೆ ತೀವ್ರ.

ವರದಿ

ಲಾಟ್ ಸಂಖ್ಯೆ, ಸ್ಟೆರಿಲೈಸ್ ಮಾಡಿದ ದಿನ, ಮೇಲ್ಮೈ ಲೆಕ್ಕ ಮಾಡಿದ ಚಿತ್ರ, ಸಾರದ ಫೋಟೊ, ಬ್ಲ್ಯಾಂಕ್‌ನ ಮೂಲ ಓದು, ಪ್ರೋಟೊಕಾಲ್‌ನಿಂದ ಎಲ್ಲಿ ಸರಿದಿರೋ ಆ ಟಿಪ್ಪಣಿ: ಇಷ್ಟೂ ಒಳಗಿರಲಿ. ಅದೇ ಲಾಟ್‌ನ ಕೆಲವು ತುಂಡುಗಳನ್ನು ಪೌಚು ಬಿಚ್ಚದೆ ಎತ್ತಿಡಿ. ಆರು ತಿಂಗಳ ಮೇಲೆ ಕಾರ್ಖಾನೆಯವರು ತೊಳೆಯುವ ಡಿಟರ್ಜೆಂಟ್ ಬದಲಿಸಿ, ‘ಪಾಲಿಮರ್ ಅದೇ ಅಲ್ಲವೇ, ಹಳೇ ವರದಿ ಸಾಕಲ್ಲ’ ಎಂದು ಕೇಳುತ್ತಾರೆ. ಆಗ ಹೊಸ ತುಂಡಿನ ಪಕ್ಕ ಹಳೆಯದನ್ನೂ ಒಂದೇ ದಿನ, ಒಂದೇ ತಟ್ಟೆಯಲ್ಲಿ, ಒಂದೇ ಕಾಲಮ್‌ನಲ್ಲಿ ಓಡಿಸಲು ಅವು ಬೇಕಾಗುತ್ತವೆ.